ಹಾವು ಉಣ್ಣದಿದ್ದ ನಾಲ್ಕು ತಿಂಗಳು

ಸೌದಿಯ ತಾಯಿಫಿನ ಆ ಮನೆಗೆ ನಾನು ಸೇರಿದ್ದು ಡ್ರೈವರ್ ಆಗಿ. ಅದಕ್ಕಿಂತ ಮೊದಲು ಮೂರು ವರ್ಷ ಜಿದ್ದಾದಲ್ಲಿ ಕಟ್ಟಡದ ಲಾರಿ ಓಡಿಸಿದ್ದೆ. ಒಂದು ಕೋಣೆಯಲ್ಲಿ ಹನ್ನೆರಡು ಮಂದಿ ಮಲಗುತ್ತಿದ್ದೆವು. ಇಲ್ಲಿ ಗೇಟಿನ ಪಕ್ಕ ನನಗೇ ಅಂತ ಒಂದು ಕೋಣೆ, ಬೇಸಗೆಯಲ್ಲೂ ಬೆಟ್ಟದ ತಂಪು ಗಾಳಿ. ನನ್ನ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನರು, ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ಕೆಳಗಿನ ಮನೆಯಲ್ಲಿ ಅವರ ಗಂಡುಮಕ್ಕಳ ಸಂಸಾರ, ಮೇಲೆ ಅವರು, ಅವರ ಹೆಂಡತಿ ಮತ್ತು ಡಾಕ್ಟರಾಗಿದ್ದ ಕಿರಿಯ ಮಗಳು. ಹೆಂಗಸರು ಗಾಡಿ ಓಡಿಸುವ ಹಾಗಿಲ್ಲದ ವರ್ಷಗಳು ಅವು. ಡಾಕ್ಟರಮ್ಮನನ್ನು ಆಸ್ಪತ್ರೆಗೆ ಬಿಟ್ಟು ಕರೆತರುವುದೇ ನನ್ನ ಮುಖ್ಯ ಕೆಲಸ.

ಹಾವು ಆ ಮನೆಗೆ ಬಂದದ್ದು ನಾನು ಓಡಿಸುತ್ತಿದ್ದ ಗಾಡಿಯಲ್ಲೇ. ಒಂದು ಶುಕ್ರವಾರ ಮೇಷ್ಟ್ರನ್ನೂ ಮಗಳನ್ನೂ ಜಿದ್ದಾಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಡಾಕ್ಟರಮ್ಮನ ಮಡಿಲಲ್ಲಿ ಒಂದು ಬಟ್ಟೆಯ ಚೀಲವಿತ್ತು. ನಾನು ಮಕ್ಕಾದ ದಾರಿ ಬಿಟ್ಟು, ಮುಸಲ್ಮಾನರಲ್ಲದವರಿಗೆಂದೇ ಇರುವ ಹೊರದಾರಿಯಲ್ಲಿ ಸುತ್ತಿ ಬರಬೇಕಾಗಿತ್ತು. ಒಂದು ಗಂಟೆ ಹೆಚ್ಚು. ಘಾಟಿ ಹತ್ತುವಾಗ ಕನ್ನಡಿಯಲ್ಲಿ ನೋಡುತ್ತೇನೆ, ಚೀಲ ಉಸಿರಾಡುತ್ತಿದೆ. ಬೆಕ್ಕಿನ ಮರಿ ಇರಬೇಕು ಎಂದುಕೊಂಡೆ. ಮನೆ ಮುಟ್ಟಿದ ಮೇಲೆ ಬಾಗಿಲು ತೆಗೆದು ಚೀಲಕ್ಕೆ ಕೈ ಚಾಚಿದೆ. ಅವರು ಕೊಡಲಿಲ್ಲ. ಹಾವು ಎಂದರು.

ಆಫ್ರಿಕಾದ ಒಂದು ಸಣ್ಣ ಜಾತಿಯ ಹೆಬ್ಬಾವು ಅದು. ಕಂದು ಮೈ, ಅದರ ಮೇಲೆ ಜೇನಿನ ಬಣ್ಣದ ಪಟ್ಟೆಗಳು, ಉದ್ದ ನನ್ನ ತೋಳಿಗಿಂತ ತುಸು ಹೆಚ್ಚು. ವಿಷ ಇಲ್ಲ. ಕಚ್ಚುವುದಂತೂ ದೂರದ ಮಾತು, ಯಾರಾದರೂ ಹತ್ತಿರ ಬಂದರೆ ತಲೆಯನ್ನು ಒಳಗೆ ತೂರಿಸಿ ಉಂಡೆಯಾಗಿಬಿಡುತ್ತಿತ್ತು. ಅಷ್ಟು ನಾಚಿಕೆ. ಮನೆಯಲ್ಲಿ ಎಲ್ಲರಿಗೂ ಅದರ ಹೆದರಿಕೆ. ಹಾಗಾಗಿ ಅದರ ಗಾಜಿನ ಪೆಟ್ಟಿಗೆಯನ್ನು ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಇಟ್ಟರು. ಮೇಷ್ಟ್ರು ಬಾಗಿಲ ತನಕ ಬಂದು ನಿಲ್ಲುತ್ತಿದ್ದರು. ಅವರ ಹೆಂಡತಿ ತಾರಸಿಗೇ ಬರುವುದನ್ನು ಬಿಟ್ಟರು.

ಒಂದೂವರೆ ವರ್ಷ ಕಳೆದ ಮೇಲೆ ಡಾಕ್ಟರಮ್ಮ ಹೆಚ್ಚಿನ ಕಲಿಕೆಗೆ ಹೊರದೇಶಕ್ಕೆ ಹೊರಟರು. ಹೊರಡುವ ಹಿಂದಿನ ದಿನ ನನ್ನನ್ನು ತಾರಸಿಗೆ ಕರೆದರು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಡಾಕ್ಟರಮ್ಮ ಹಾವನ್ನು ಹಿಡಿಯುವ ಕ್ರಮ ತೋರಿಸಿದರು. ಮೇಲಿನಿಂದ ಕೈ ತರಬಾರದು, ಅದಕ್ಕೆ ಹದ್ದು ಎರಗಿದ ಹಾಗೆ ಆಗುತ್ತದೆ. ಪಕ್ಕದಿಂದ ಮೆಲ್ಲಗೆ ತಂದು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಮೈಯ ಭಾರ ಪೂರ್ತಿ ನಮ್ಮ ಮೇಲೆ ಬರುವ ಹಾಗೆ ಎತ್ತಬೇಕು. ಹೆದರಿಕೆಯಾ ಎಂದು ಕೇಳಿದರು. ನಾನು ಇಲ್ಲ ಎಂದೆ. ಮತ್ತೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಕಾಗದ ಕೊಟ್ಟು, ಎಲ್ಲ ಇದರಲ್ಲಿದೆ, ನೀನು ಹತ್ತನೇ ತರಗತಿ ಓದಿದವನಲ್ಲವೇ, ಓದಿಕೊಳ್ಳುತ್ತೀಯಾ ಎಂದರು. ಅದಕ್ಕೆ ಹೌದು ಎಂದೆ.

ನಾನು ಓದಿದ್ದು ಐದನೇ ತರಗತಿ. ಹನ್ನೊಂದನೇ ವಯಸ್ಸಿಗೆ ಕೆಂಪುಕಲ್ಲಿನ ಕೋರೆಗೆ ಹೋದೆ, ಅಲ್ಲಿಂದ ಲಾರಿಯ ಕ್ಲೀನರ್, ಅಲ್ಲಿಂದ ಡ್ರೈವರ್. ಕನ್ನಡ ಪೇಪರು ಮೊದಲಿಂದ ಕೊನೆಯ ತನಕ ಓದುತ್ತೇನೆ. ಇಂಗ್ಲಿಷಿನಲ್ಲಿ ಅಕ್ಷರಗಳ ಗುರುತು ಉಂಟು, ಆದರೆ ಅವು ಕೂಡಿ ನಿಂತರೆ ನನಗೆ ಮಾತಾಗುವುದಿಲ್ಲ. ಕೆಲಸಕ್ಕೆ ಸೇರುವಾಗ ಮೇಷ್ಟ್ರು ಓದು ಎಷ್ಟು ಎಂದು ಕೇಳಿದ್ದರು, ಬಾಯಿಗೆ ಹತ್ತು ಎಂದು ಬಂದಿತ್ತು. ಆ ಸುಳ್ಳಿನಿಂದ ಯಾರಿಗೂ ನಷ್ಟವಾಗಿರಲಿಲ್ಲ. ಊರಿನ ರಸ್ತೆಗಳನ್ನು ಬೋರ್ಡು ಓದದೆಯೇ ಕಲಿತಿದ್ದೆ. ಒಂದು ದಿನ ತಡ ಮಾಡಿದವನಲ್ಲ, ಗಾಡಿಗೆ ಒಂದು ಗೀರು ಬೀಳಲು ಬಿಟ್ಟವನಲ್ಲ. ಕೆಲಸ ಬಲ್ಲವನಿಗೆ ಕಾಗದ ಯಾಕೆ ಎಂಬ ಧಿಮಾಕು ನನ್ನಲ್ಲಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಇಕಾಮಾ ಎಂಬ ವಾಸದ ಪರವಾನಗಿ ಕಾರ್ಡಿನ ಜೊತೆ ಪರ್ಸಿನಲ್ಲಿಟ್ಟೆ.

ಹೆದರಿಕೆ ಇಲ್ಲ ಎಂದದ್ದೂ ಪೂರ್ತಿ ನಿಜವಲ್ಲ. ಕಚ್ಚೀತು ಎಂಬ ಹೆದರಿಕೆ ಇರಲಿಲ್ಲ. ಇದ್ದದ್ದು ಬೇರೆ. ನಾನು ಚಿಕ್ಕವನಿದ್ದಾಗ ಅಪ್ಪ ಕೋರೆಯಲ್ಲಿ ಕಲ್ಲು ಮಗುಚುವಾಗ ಕೆಳಗೆ ಒಂದು ನಾಗರಹಾವು ಇತ್ತು. ಅಪ್ಪ ನೋಡಿರಲಿಲ್ಲ. ಕಲ್ಲು ಜಾರಿತು. ಸತ್ತ ಹಾವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಮನುಷ್ಯರಿಗೆ ಮಾಡಿದ ಹಾಗೆ ಸುಟ್ಟು, ಭಟ್ಟರನ್ನು ಕರೆಸಿ ಸಂಸ್ಕಾರವನ್ನೂ ಮಾಡಿಸಿದ್ದಾಯಿತು. ಆದರೂ ಆ ದೋಷದ ಹೆದರಿಕೆ ನಮ್ಮ ಮನೆ ಬಿಟ್ಟು ಹೋಗಲಿಲ್ಲ. ತಂಗಿಯ ಮೈ ಮೇಲೆ ಬಿಳಿ ಮಚ್ಚೆ ಎದ್ದರೆ ಆ ಕಲ್ಲು, ಹಸು ಕಂದು ಹಾಕಿದರೆ ಆ ಕಲ್ಲು. ಅಪ್ಪ ಆಮೇಲೆ ಬದುಕಿದ್ದಷ್ಟು ವರ್ಷವೂ ಕಲ್ಲು ಎತ್ತುವ ಮೊದಲು ಹಾರೆಯಿಂದ ಮೂರು ಸಲ ತಟ್ಟಿ, ಒಂದು ಗಳಿಗೆ ಕಾದು, ನಂತರವೇ ಎತ್ತುತ್ತಿದ್ದರು.

ಫೋನಿನಲ್ಲಿ ಅಮ್ಮನಿಗೆ ವಿಷಯ ತಿಳಿಸಿದೆ. ಇದು ಹೆಬ್ಬಾವಿನ ಜಾತಿ, ಹೆಡೆ ಇಲ್ಲ, ನಾಗ ಅಲ್ಲ ಎಂದು ನಾನೇ ಸಮಾಧಾನ ಹೇಳಿದೆ.

"ಹೆಡೆ ಇದ್ರೂ ಅವನೇ, ಇಲ್ಲದಿದ್ರೂ ಅವನೇ," ಎಂದರು ಅಮ್ಮ. "ನಮ್ಮ ಮನೆಯವರ ಕೈಯಲ್ಲಿ ಇನ್ನೊಂದು ಆಗುದು ಬೇಡ ಮಗಾ."

ಆ ಮಾತು ತಲೆಯಲ್ಲಿ ಕೂತಿತು. ಡಾಕ್ಟರಮ್ಮ ಬರುವ ತನಕ ಇದು ನನ್ನ ಕೈಯಲ್ಲಿ ಸಾಯಬಾರದು. ಬೇರೆ ಏನೂ ನನಗೆ ಬೇಕಿರಲಿಲ್ಲ.

ಬಲ್ಲಷ್ಟು ಶ್ರದ್ಧೆಯಿಂದ ಮಾಡಿದೆ. ಹಾವಿನ ಕೋಣೆಗೆ ಹೋಗುವ ಮೊದಲು ಊರಿನಿಂದ ತಂದ ಗಂಧದ ಸಾಬೂನಿನಲ್ಲಿ ಸ್ನಾನ. ಅದಕ್ಕೆ ಊಟ ಹಾಕುವ ದಿನ ನಾನು ಮೀನು ಮಾಂಸ ಮುಟ್ಟುತ್ತಿರಲಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಚಿಟಿಕೆ ಅರಿಶಿನ ಹಾಕುತ್ತಿದ್ದೆ, ಯಾರಿಗೂ ಕಾಣದ ಹಾಗೆ. ನಾಗನಿಗೆ ಅರಿಶಿನ ಇಡದೆ ಕೈ ಮುಗಿದದ್ದು ನನ್ನ ಜನ್ಮದಲ್ಲಿ ಇಲ್ಲ. ಒಂದು ಸಣ್ಣ ಬಟ್ಟಲಲ್ಲಿ ಹಾಲನ್ನೂ ಇಟ್ಟೆ. ಕುಡಿಯಲಿಲ್ಲ, ಮರುದಿನ ಚೆಲ್ಲಿ ಹೊಸತು ಇಟ್ಟೆ. ಶುಕ್ರವಾರ ಆ ಮನೆಯಲ್ಲಿ ಕೆಂಡದ ಮೇಲೆ ಊದು ಎಂಬ ಸುಗಂಧದ ಮರದ ಚೂರು ಹಾಕಿ ಕೋಣೆ ಕೋಣೆಗೂ ಹೊಗೆ ತೋರಿಸುವ ಕ್ರಮ. ತಾರಸಿಯ ಕೋಣೆಯೊಂದು ಯಾಕೆ ಬಿಡಬೇಕು ಎಂದು ಆ ಧೂಪದ ಪಾತ್ರೆಯನ್ನು ಅಲ್ಲಿಗೂ ಒಯ್ದು ಪೆಟ್ಟಿಗೆಯ ಸುತ್ತ ತಿರುಗಿಸಿದೆ.

ಪೆಟ್ಟಿಗೆಯೊಳಗೆ ಅದು ಅಡಗಿಕೊಳ್ಳಲು ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು, ಪಕ್ಕದಲ್ಲಿ ತೂತು ಕೊರೆದದ್ದು. ಹಾವು ಒಳಗೆ ಹೊಕ್ಕರೆ ಮೈ ನಾಲ್ಕೂ ಕಡೆ ಒತ್ತುವಷ್ಟು ಇಕ್ಕಟ್ಟು. ಹನ್ನೆರಡು ಮಂದಿಯ ನಡುವೆ ಮಲಗಿ ಎದ್ದ ನನಗೆ ಅದನ್ನು ನೋಡಲಾಗಲಿಲ್ಲ. ಡಬ್ಬಿ ತೆಗೆದು, ಒಂದು ದೊಡ್ಡ ಮಣ್ಣಿನ ಮಡಕೆಯ ಬಾಯಿ ಒಡೆದು ಅಗಲ ಮಾಡಿ, ಅಂಚು ಉಜ್ಜಿ ನಯ ಮಾಡಿ ಇಟ್ಟುಕೊಟ್ಟೆ. ದಿನಕ್ಕೆ ಎರಡು ಸಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ, ನನ್ನ ಅಭ್ಯಾಸ ಆಗಲಿ ಎಂದು. ಅದು ಉಂಡೆಯಾಗಿಯೇ ಕೂತಿರುತ್ತಿತ್ತು. ಕೈಯಲ್ಲಿ ಒಂದು ತೆಂಗಿನಕಾಯಿ ಹಿಡಿದ ಹಾಗೆ.

ಅದರ ಊಟ ಬಿಳಿ ಇಲಿ. ಡಾಕ್ಟರಮ್ಮ ತರಿಸಿ ಹಳೆಯ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟು ಹೋಗಿದ್ದರು, ಸತ್ತವು. ಒಂದನ್ನು ತೆಗೆದು, ಕರಗಿದ ಮೇಲೆ ಉದ್ದ ಚಿಮಟದಲ್ಲಿ ಹಿಡಿದು ಅದರ ಮುಂದೆ ಆಡಿಸುತ್ತಿದ್ದೆ. ಮೊದಲ ವಾರ ತಿನ್ನಲಿಲ್ಲ. ಎರಡನೆಯ ವಾರವೂ ಇಲ್ಲ. ಆಮೇಲೆ ದಿನ ಬಿಟ್ಟು ದಿನ ಹಿಡಿದು ನೋಡಿದೆ. ತಿನ್ನದ್ದನ್ನು ಮನೆಯ ಹಿಂದಿನ ಖಾಲಿ ಜಾಗದಲ್ಲಿ ಹೂಳುತ್ತಿದ್ದೆ.

ಪ್ರತಿ ಸಂಜೆ ಮೇಷ್ಟ್ರು ಮಗ್ರಿಬ್ ನಮಾಜು ಮುಗಿಸಿ ಬಂದು ಮೆಟ್ಟಿಲ ಬುಡದಿಂದ ಕೇಳುವರು, ತಿಂದಿತಾ ಎಂದು. ಇಲ್ಲ ಬಾಬಾ ಎನ್ನುವೆ. ಅವರ ಮಗಳು ಫೋನು ಮಾಡಿದಾಗ ಅವರು ಹಾಗೆಯೇ ಹೇಳುವರು. ಇಂಥ ಹಾವು ಕೆಲವು ತಿಂಗಳು ಉಪವಾಸ ಇರುವುದುಂಟು, ಕಾಗದದಲ್ಲಿ ಬರೆದ ಹಾಗೆ ಮಾಡುತ್ತಿರಲಿ ಎಂದು ಡಾಕ್ಟರಮ್ಮ ಅಲ್ಲಿಂದ ಹೇಳುವರು. ಮಾಡುತ್ತಿದ್ದೇನೆ ಎಂದು ನಾನು ಇಲ್ಲಿಂದ ಹೇಳುವೆ.

ಚಳಿ ಶುರುವಾಯಿತು. ನಾಲ್ಕನೇ ತಿಂಗಳಿಗೆ ಅದರ ಬೆನ್ನುಮೂಳೆ ನನ್ನ ಹೆಬ್ಬೆರಳಿಗೆ ಸಿಗತೊಡಗಿತು. ಮೊದಲು ದುಂಡಗಿದ್ದ ಮೈ ಮನೆಯ ಮಾಡಿನ ಹಾಗೆ ಎರಡು ಕಡೆಗೆ ಇಳಿದಿತ್ತು. ಚರ್ಮ ಸಡಿಲವಾಗಿತ್ತು. ಎತ್ತಿದರೆ ಈಗ ಉಂಡೆಯಾಗಲೂ ತ್ರಾಣವಿಲ್ಲದ ಹಾಗೆ ಅರ್ಧ ಸುತ್ತಿ ಬಿಟ್ಟುಬಿಡುತ್ತಿತ್ತು. ಆ ದಿನ ಮೇಷ್ಟ್ರು ಮೊದಲ ಸಲ ಕೋಣೆಯೊಳಗೆ ಬಂದರು. ದೂರದಿಂದಲೇ ನೋಡಿ, ಖಲಾಸ್ ಎಂದರು. ಇನ್ನು ಈ ಪ್ರಾಣಿಯನ್ನು ನರಳಿಸುವುದು ಬೇಡ, ವಾದಿಯ ಕಡೆ ಬಿಟ್ಟು ಬಾ, ಮಗಳಿಗೆ ನಾನು ಹೇಳಿಕೊಳ್ಳುತ್ತೇನೆ. ವಾದಿ ಎಂದರೆ ಊರ ಹೊರಗಿನ ಒಣ ಹೊಳೆ. ಆ ಚಳಿಯಲ್ಲಿ ಅಲ್ಲಿ ಬಿಟ್ಟರೆ ಒಂದು ರಾತ್ರಿ ದಾಟುತ್ತಿರಲಿಲ್ಲ. ಬಿಡುವ ಕೈ ನನ್ನದು.

ಎರಡು ವಾರ ಕೊಡಿ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಸಂಬಳ ಹೆಚ್ಚು ಮಾಡಿ ಎಂದು ಕೂಡ ಒಂದು ದಿನ ಕೇಳಿದವನಲ್ಲ ನಾನು. ಸರಿ ಎಂದು ಇಳಿದು ಹೋದರು.

ಮಸೀದಿಯ ಪಕ್ಕದ ಬಕಾಲಾ, ಅಂದರೆ ದಿನಸಿ ಅಂಗಡಿ, ಬಂಟ್ವಾಳ ಕಡೆಯ ಒಬ್ಬ ಬ್ಯಾರಿ ಗೆಳೆಯನದು. ಪಿಯುಸಿ ಮುಗಿಸಿದವ. ಸಿಕ್ಕಿದರೆ ತುಳುವಿನಲ್ಲೇ ನಮ್ಮ ಮಾತು, ಯಾರಾದರೂ ಕನ್ನಡದವರು ಜೊತೆಗಿದ್ದರೆ ಕನ್ನಡ. ಅವನ ಮುಂದೆಯೂ ನಾನು ಹತ್ತನೇ ತರಗತಿಯವನೇ. ಹಾವಿನ ವಿಷಯವೂ ಡಾಕ್ಟರಮ್ಮ ಕೊಟ್ಟ ಕಾಗದದ ವಿಷಯವೂ ಅವನಿಗೆ ಮೊದಲೇ ಗೊತ್ತಿತ್ತು. ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಆ ಕಾಗದವನ್ನು ಅವನ ಗಲ್ಲೆಯ ಮೇಲೆ ಬಿಡಿಸಿಟ್ಟೆ. ಮಡಿಕೆಯ ಗೆರೆಗಳಲ್ಲಿ ಅದು ಹರಿಯಲು ಶುರುವಾಗಿತ್ತು.

"ಇದೊಂದು ಓದಿ ಹೇಳು ಮಾರಾಯ. ನನ್ನ ಕನ್ನಡಕ ಮನೆಯಲ್ಲಿ ಉಂಟು," ಎಂದೆ.

ಅವನು ಓದಲು ತೊಡಗಿದ. ಅರ್ಧ ಓದಿ ನಿಲ್ಲಿಸಿದ.

"ಇದು ಹಾವಿಂದು. ನಾಲ್ಕು ತಿಂಗಳಿಂದ ನಿನ್ನ ಕಿಸೆಯಲ್ಲಿ ಉಂಟಲ್ಲ?"

"ಉಂಟು."

"ನಿನಗೆ ಕನ್ನಡಕ ಯಾವಾಗ ಬಂತು?"

ನಾನು ಕಾಗದದ ಮಡಿಕೆಯನ್ನು ಬೆರಳಿನಿಂದ ಒತ್ತಿ ನೇರ ಮಾಡಿದೆ. ಬೇರೆ ದಿನವಾಗಿದ್ದರೆ ಅವನು ಒಂದು ವಾರ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದ. ಆ ದಿನ ಗಲ್ಲೆಯ ಹಿಂದಿನಿಂದ ಸ್ಟೂಲು ಎಳೆದು ನನ್ನ ಕಡೆ ದೂಡಿದ.

"ಕೂತ್ಕೋ. ಒಂದೊಂದೇ ಹೇಳ್ತೇನೆ. ನೀನು ತಲೆಯಲ್ಲಿ ಇಟ್ಕೊಳ್ಳುವವ, ನನಗೆ ಗೊತ್ತುಂಟು."

ಅವನು ಹೇಳುತ್ತಾ ಹೋದ, ನಾನು ಕೇಳುತ್ತಾ ಹೋದೆ. ಈ ಹಾವು ಮೂಗಿನಿಂದಲ್ಲ, ನಾಲಿಗೆಯಿಂದ ವಾಸನೆ ಹಿಡಿಯುತ್ತದೆ. ಕೈಗೆ ಸಾಬೂನಿನ ಪರಿಮಳ ಇರಬಾರದು, ಕೋಣೆಗೆ ಧೂಪದ ಹೊಗೆ ಬರಲೇಬಾರದು. ಹಾಲು ಕೊಡಬಾರದು, ನೀರು ಮಾತ್ರ. ಅಡಗುವ ಡಬ್ಬಿ ಚಿಕ್ಕದೇ ಇರಬೇಕು, ಮೈಗೆ ಒತ್ತಿದರೇ ಅದಕ್ಕೆ ಧೈರ್ಯ. ಊಟಕ್ಕೆ ಮುಂಚೆಯೂ ಆಮೇಲೂ ಎತ್ತಬಾರದು. ಇಲಿಯನ್ನು ಬಿಸಿನೀರಿನಲ್ಲಿಟ್ಟು, ಮುಟ್ಟಿದರೆ ಜೀವ ಇದೆ ಎನಿಸುವಷ್ಟು ಬಿಸಿ ಮಾಡಿಯೇ ಕೊಡಬೇಕು. ತಣ್ಣಗಿದ್ದದ್ದು ಅದಕ್ಕೆ ಊಟ ಅಂತಲೇ ತಿಳಿಯುವುದಿಲ್ಲ. ಚಳಿಗಾಲದಲ್ಲಿ ಪೆಟ್ಟಿಗೆಯ ಅಡಿಯ ಬಿಸಿ ಹಲಗೆಯ ಸ್ವಿಚ್ಚು ಹಾಕಿಯೇ ಇರಬೇಕು. ಆ ಸ್ವಿಚ್ಚನ್ನು ನಾನೇ ಆರಿಸಿದ್ದೆ, ಬೇಸಗೆಯಲ್ಲಿ, ಕರೆಂಟು ಯಾಕೆ ಹಾಳು ಎಂದು. ತಿನ್ನದೆ ಹೋದರೆ ಏಳು ದಿನ ಪೆಟ್ಟಿಗೆಯನ್ನು ಮುಟ್ಟಬೇಡ, ನೋಡಲೂ ಬೇಡ, ನೀರು ಬದಲಿಸಿ ಬಾಗಿಲು ಹಾಕಿ ಬಾ ಎಂದು ಕೊನೆಯಲ್ಲಿ ಬರೆದಿತ್ತು.

ನಾನು ಒಂದೂ ಬಿಡದೆ ಎಲ್ಲವನ್ನೂ ತಪ್ಪು ಮಾಡಿದ್ದೆ. ಸೋಮಾರಿತನದಿಂದ ಮಾಡಿದ್ದರೆ ಇಷ್ಟು ತಪ್ಪು ಆಗುತ್ತಿರಲಿಲ್ಲ.

ಅರಿಶಿನದ ವಿಷಯ ಅವನಿಗೆ ಹೇಳಿದೆ. ಅದನ್ನೂ ತೊಳೆಯಬೇಕು ಎಂದ. ಅಷ್ಟು ಹೇಳಿ, ಬೇಡದ್ದು ಹೇಳಿದೆನೋ ಎಂಬ ಹಾಗೆ ನನ್ನನ್ನು ನೋಡಿದ. "ನಿಮ್ಮ ನಾಗನಿಗೆ ಮಾಡಿದ್ದು ತಪ್ಪಲ್ಲ ಮಾರಾಯ. ಆದ್ರೆ ಇದು ಹಸಿದದ್ದು."

ಮನೆಗೆ ಬಂದು ಬರೀ ನೀರಿನಲ್ಲಿ ಕೈ ಉಜ್ಜಿ ತೊಳೆದೆ. ಹಾವನ್ನು ಬಟ್ಟೆಯ ಚೀಲಕ್ಕೆ ಬಿಟ್ಟು ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದೆ. ಮಡಕೆ ತೆಗೆದೆ, ಹಳೆಯ ಡಬ್ಬಿ ಇಟ್ಟೆ. ಸ್ವಿಚ್ಚು ಹಾಕಿದೆ. ಅರಿಶಿನ ತೊಳೆಯುವಾಗ ಮಾತ್ರ ಕೈ ತಡವರಿಸಿತು. ಗಾಜಿನ ಮೂಲೆಯ ಅಂಟಿನಲ್ಲಿ ಅದು ಇಳಿದಿತ್ತು. ಎಷ್ಟು ಉಜ್ಜಿದರೂ ಒಂದು ಹಳದಿ ಗೆರೆ ಉಳಿಯಿತು. ಹಾವನ್ನು ಒಳಗೆ ಬಿಟ್ಟೆ. ಅದು ನಾಲಿಗೆ ಎರಡು ಸಲ ಹೊರಗೆ ಹಾಕಿ, ಡಬ್ಬಿಯ ತೂತಿನೊಳಗೆ ಒಂದೊಂದೇ ಸುತ್ತು ಹೊಕ್ಕು ಮಾಯವಾಯಿತು. ನಾನು ಬಾಗಿಲು ಹಾಕಿದೆ.

ಆ ಏಳು ದಿನ ನನಗೆ ಕೋರೆಯ ಏಳು ವರ್ಷಕ್ಕಿಂತ ಹೆಚ್ಚು. ಕೆಲಸ ಎಂದರೆ ಮೈ ಬಗ್ಗಿಸುವುದು, ಬೆವರು ಇಳಿಸುವುದು ಎಂದು ತಿಳಿದವನು ನಾನು. ಗಾಡಿಯನ್ನು ದಿನಕ್ಕೆ ಎರಡು ಸಲ ತೊಳೆದೆ. ಗೇಟಿನ ತುಕ್ಕು ಕೆರೆದೆ. ಕಾಲು ತಾರಸಿಯ ಮೆಟ್ಟಿಲ ಕಡೆಗೇ ಎಳೆಯುತ್ತಿತ್ತು. ಸತ್ತೇ ಹೋಗಿದ್ದರೆ? ಡಬ್ಬಿಯೊಳಗೆ ಸತ್ತು, ನಾನು ಇಲ್ಲಿ ಗೇಟು ಕೆರೆಯುತ್ತಿದ್ದರೆ? ನಾಲ್ಕನೆಯ ದಿನ ನೀರು ಬದಲಿಸಲು ಹೋದಾಗ ಡಬ್ಬಿ ಎತ್ತಿ ನೋಡಲು ಕೈ ಮುಂದೆ ಹೋಗಿತ್ತು. ಅಪ್ಪ ಕಲ್ಲಿಗೆ ತಟ್ಟಿ ಕಾಯುತ್ತಿದ್ದದ್ದು ನೆನಪಾಯಿತು. ಕೈ ಹಿಂದೆ ತೆಗೆದುಕೊಂಡೆ. ಮೇಷ್ಟ್ರು ಸಂಜೆ ಕೇಳುವುದನ್ನು ನಿಲ್ಲಿಸಿದ್ದರು. ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತು ಹೋಗುತ್ತಿದ್ದರು.

ಎಂಟನೆಯ ದಿನ ಇಲಿಯನ್ನು ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿಟ್ಟೆ. ನೀರು ಮೂರು ಸಲ ಬದಲಿಸಿದೆ. ಕೆನ್ನೆಗೆ ತಾಗಿಸಿ ನೋಡಿದೆ, ಆ ಬಿಸಿ ಸರಿ ಎನಿಸಿತು. ಮಗ್ರಿಬಿನ ಬಾಂಗು ಮುಗಿದು ಹೊರಗೆ ಬೆಳಕು ಬಾಡುತ್ತಿತ್ತು. ದೀಪ ಹಾಕಲಿಲ್ಲ. ಮುಚ್ಚಳ ಸರಿಸಿ, ಪೆಟ್ಟಿಗೆಯ ಪಕ್ಕ ನೆಲದಲ್ಲಿ ಕೂತು, ಇಲಿಯನ್ನು ಚಿಮಟದಲ್ಲಿ ಡಬ್ಬಿಯ ತೂತಿನ ಎದುರು ಹಿಡಿದೆ. ಈ ಸಲ ಆಡಿಸಲಿಲ್ಲ.

ಕೈ ಸೋಲತೊಡಗಿತು. ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟೆ. ಇಲಿ ಮತ್ತೆ ತಣ್ಣಗಾಗುತ್ತದಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ತೂತಿನಲ್ಲಿ ಒಂದು ಮೂತಿ ಕಂಡಿತು. ನಾಲಿಗೆ ಬಂತು, ಹೋಯಿತು, ಬಂತು. ಕತ್ತು ನಿಧಾನವಾಗಿ ಹಿಂದೆ ಸರಿದು ಬಾಗಿ ನಿಂತಿತು. ಹೆದರಿ ಒಳಗೆ ಹೋಯಿತು ಎಂದುಕೊಂಡೆ. ಆಮೇಲಿನದು ನನಗೆ ಕಾಣಲೇ ಇಲ್ಲ; ಚಿಮಟ ಕೈಯಲ್ಲಿ ಜಗ್ಗಿತು, ನೋಡಿದರೆ ಇಲಿಯ ಸುತ್ತ ಅದರ ಮೈ ಮೂರು ಸುತ್ತು ಬಿಗಿದಿತ್ತು. ನಾಲ್ಕು ತಿಂಗಳು ಸತ್ತ ಹಾಗಿದ್ದ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ನಾನು ಚಿಮಟ ಬಿಟ್ಟುಬಿಟ್ಟೆ, ಅದು ಗಾಜಿಗೆ ತಾಗಿ ಸದ್ದಾಯಿತು. ಹಾವು ಗಮನಿಸಲಿಲ್ಲ. ಇಲಿಯ ತಲೆಯನ್ನು ಹುಡುಕಿ ನಿಧಾನವಾಗಿ ನುಂಗಲು ತೊಡಗಿತು. ಗಂಟಲಿನಲ್ಲಿ ಉಬ್ಬು ಇಳಿಯುವುದನ್ನು ಪೂರ್ತಿ ನೋಡಿ, ನೋಡಿದ್ದೂ ತಪ್ಪೇನೋ ಎನಿಸಿ, ಮುಚ್ಚಳ ಹಾಕಿ ಹೊರಗೆ ಬಂದೆ.

ಮೆಟ್ಟಿಲ ಬುಡದಲ್ಲಿ ಮೇಷ್ಟ್ರು ನಿಂತಿದ್ದರು. ತಿಂದಿತು ಬಾಬಾ ಎಂದೆ. ಅವರು ದೇವರ ಹೆಸರು ಹೇಳಿ, ಕೂಡಲೇ ಮಗಳಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ ನನ್ನ ಕಡೆ ಹಿಡಿದರು. ಅಲ್ಲಿಂದ ಡಾಕ್ಟರಮ್ಮನ ದನಿ, ಸಂತೋಷದ್ದು. ಕಾಗದ ಉಪಯೋಗಕ್ಕೆ ಬಂತಲ್ಲ ಎಂದು ಕೇಳಿದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆ ಬೆನ್ನುಮೂಳೆ ಇನ್ನೂ ನನ್ನ ಹೆಬ್ಬೆರಳಿನಲ್ಲಿ ಇತ್ತು.

"ದುಕ್ತೂರಾ, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಾನು ಓದಿದ್ದು ಐದು. ಕಾಗದವನ್ನು ಹೋದ ವಾರ ಬೇರೆಯವರಿಂದ ಓದಿಸಿದೆ. ಅಲ್ಲಿಯವರೆಗೆ ಅದು ತಿನ್ನದೆ ಇದ್ದದ್ದು ನನ್ನಿಂದ."

ನನ್ನ ಮುರುಕು ಅರಬ್ಬಿಯಲ್ಲಿ ಇಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಮೇಷ್ಟ್ರು ಫೋನು ಹಿಡಿದ ಕೈ ಕದಲಿಸಲಿಲ್ಲ. ಡಾಕ್ಟರಮ್ಮ, ಮುಂದಿನ ಊಟ ಹತ್ತು ದಿನ ಬಿಟ್ಟು, ಅಲ್ಲಿಯವರೆಗೆ ಎತ್ತಬೇಡ ಎಂದರು. ಅರಬ್ಬಿಯಲ್ಲಿ, ಬಿಡಿಸಿ ಬಿಡಿಸಿ ಹೇಳಿದರು. ಇನ್ನು ಎಲ್ಲವನ್ನೂ ಹೀಗೆ ಬಾಯಲ್ಲೇ ಹೇಳುತ್ತೇನೆ ಎಂದರು. ಬೈದಿದ್ದರೆ ಇದಕ್ಕಿಂತ ಸುಲಭವಿತ್ತು.

ಮೇಷ್ಟ್ರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವರು ಅಂಗಡಿಗೆ ಕಳಿಸುವಾಗ ಚೀಟಿ ಬರೆದು ಕೊಡುತ್ತಿದ್ದವರು. ಮರುದಿನದಿಂದ ಚೀಟಿಯನ್ನು ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ನನ್ನ ಕೈಗೆ ಕೊಡತೊಡಗಿದರು, ತಮಗೇ ನೆನಪು ಮಾಡಿಕೊಳ್ಳುವವರ ಹಾಗೆ.

ಡಾಕ್ಟರಮ್ಮ ಬಂದದ್ದು ಮುಂದಿನ ಬೇಸಗೆಯಲ್ಲಿ. ಬಂದ ದಿನವೇ ತಾರಸಿಗೆ ಹತ್ತಿದರು. ನಾನು ಮುಚ್ಚಳ ತೆಗೆದು ಹಿಂದೆ ಸರಿದು ನಿಂತೆ. ಅವರು ಪಕ್ಕದಿಂದ ಕೈ ತಂದು, ಹೊಟ್ಟೆಯಡಿಗೆ ಅಂಗೈ ಕೊಟ್ಟು ಎತ್ತಿದರು. ಬೆನ್ನ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ತುಂಬಿಕೊಂಡಿದೆ ಎಂದರು. ಅದು ಉಂಡೆಯಾಗಲಿಲ್ಲ, ತಲೆಯನ್ನು ಅವರ ತೋಳಿನ ಕಡೆ ಮೆಲ್ಲಗೆ ಚಾಚಿತು. ಆಗ ಗಾಜಿನ ಮೂಲೆಯ ಹಳದಿ ಗೆರೆ ಅವರ ಕಣ್ಣಿಗೆ ಬಿತ್ತು. ಏನದು ಎಂದು ಕೇಳಿದರು.

"ಅರಿಶಿನ. ನಮ್ಮ ಊರಲ್ಲಿ ಹಾವಿಗೆ ಇಡುತ್ತೇವೆ," ಎಂದೆ.

"ಅದು ತಿನ್ನುತ್ತದೆಯೇ?"

"ಇಲ್ಲ. ನಾವು ಇಡುತ್ತೇವೆ, ಅಷ್ಟೇ."

ಅವರು ತಲೆಯಾಡಿಸಿ, ಹಾವನ್ನು ಎದೆಗೆ ಒರಗಿಸಿಕೊಂಡು ಬಿಸಿಲು ಬೀಳುತ್ತಿದ್ದ ಬಾಗಿಲ ಕಡೆ ಹೋದರು.

ನಾನು ಕೆಳಗಿಳಿದು ಗೇಟಿನ ಹತ್ತಿರ ನಿಂತು ಊರಿಗೆ ಫೋನು ಮಾಡಿದೆ. ಹಾವನ್ನು ಅವರಿಗೆ ಒಪ್ಪಿಸಿದೆ ಎಂದು ಅಮ್ಮನಿಗೆ ಹೇಳಿದೆ.

"ಉಣ್ಣುತ್ತಾನಾ?" ಎಂದು ಕೇಳಿದರು ಅಮ್ಮ.

ಉಣ್ಣುತ್ತಾನೆ ಎಂದೆ.